ತಿಪ್ಪೆಗುಂಡಿಯ ಮಿಲಿಟರಿ ಟ್ರಂಕು

ತಲೆ ನರೆತ ಇಬ್ಬರು ಗುದ್ದಲಿ ಹಿಡಿದು ಖಾಲಿ ಸೈಟಿನಲ್ಲಿ ನಿಂತರೆ ಸಾಕು, ನಮ್ಮ ಜೆ.ಪಿ. ನಗರದಲ್ಲಿ ಏನಾದರೊಂದು ಆಗಿಯೇ ತೀರುತ್ತದೆ. ನಾವು ಬೇಡವೆಂದರೂ ಆಗುತ್ತದೆ.

ಮೊದಲು ವಿಷಯ ಹೇಳಿಬಿಡುತ್ತೇನೆ, ಅದು ನಗುವಂಥದ್ದಲ್ಲ. ನನ್ನ ಗೆಳೆಯ ಪುಟ್ಟೇನಹಳ್ಳಿಯ ಹಳೇ ಮನೆತನದವನು. ಅವನು ತೊಟ್ಟಿಲಲ್ಲಿದ್ದಾಗ ಅವನ ಅಪ್ಪ ಸಿಪಾಯಿ. ರಜೆಗೆ ಬಂದಿದ್ದವರಿಗೆ ಯುದ್ಧಕ್ಕೆ ಕರೆ ಬಂತು. ಗಂಡ ಹೋಗಬಾರದು ಅಂತ ಅವನ ಅಮ್ಮ, ಆಗಿನ್ನೂ ಹುಡುಗಿ, ಬೂಟು ಕೋಟು ತುಂಬಿಟ್ಟಿದ್ದ ಟ್ರಂಕನ್ನು ಸಂಜೆ ಎಳೆದುಕೊಂಡು ಹೋಗಿ ತಿಪ್ಪೆಗುಂಡಿಯಲ್ಲಿ ಹೂತುಬಿಟ್ಟರು. ಬೆಳಿಗ್ಗೆ ಏಳುವಷ್ಟರಲ್ಲಿ ಗಂಡ ಹೊರಟುಹೋಗಿದ್ದರು. ನಸುಕಿನ ಕತ್ತಲಲ್ಲಿ ಮೈತುಂಬ ಕಂಬಳಿ ಹೊದ್ದು ಹೋದರೆಂದು ದಾರಿಯಲ್ಲಿ ನೋಡಿದವರು ಹೇಳಿದರು. ಕಾಗದ ಬರುವ ಮೊದಲೇ ತಂತಿ ಬಂತು. ಹಿಮದ ಬೆಟ್ಟದಲ್ಲಿ ತೀರಿಕೊಂಡಿದ್ದರು. ದೇಹವೂ ಬರಲಿಲ್ಲ.

ಈಗ ಅಮ್ಮನಿಗೆ ಎಂಬತ್ತು ದಾಟಿದೆ. ಒಂದೇ ಕೊರಗು: "ನನ್ನಿಂದ ಬರಿಗಾಲಲ್ಲಿ, ಚಳೀಲಿ ಸತ್ರು."

"ಮಿಲಿಟರಿಯವರು ಬೇರೆ ಬೂಟು ಕೊಟ್ಟಿರ್ತಾರಮ್ಮ" ಅಂದೆ ಒಮ್ಮೆ.

"ಕೊಡೋ ಗಂಟ?" ಅಂದರು.

ಕಣ್ಣು ಮುಚ್ಚುವ ಮೊದಲು ಆ ಬೂಟನ್ನು ಗಂಡನ ಫೋಟೋ ಮುಂದಿಟ್ಟು ತಪ್ಪಾಯಿತು ಅನ್ನಬೇಕು ಎಂಬುದು ಅವರ ಆಸೆ. ಆದರೆ ಹೊಲವೆಲ್ಲ ಎಂದೋ ಜೆ.ಪಿ. ನಗರದ ಬಡಾವಣೆಯಾಗಿ, ತಿಪ್ಪೆಗುಂಡಿ ಯಾರ ಸೈಟಿನ ಪಾಲಾಯಿತೋ ಗೊತ್ತಿಲ್ಲ. ಗೆಳೆಯನ ಮಗಳು ಆನ್‌ಲೈನಿನಲ್ಲಿ ಮೆಟಲ್ ಡಿಟೆಕ್ಟರ್ ತರಿಸಿಕೊಟ್ಟಳು. ಇನ್ನೂ ಕಟ್ಟದೆ ಉಳಿದ ಸೈಟುಗಳಲ್ಲಿ, ಮಾಲೀಕರನ್ನು ಕೇಳಿಕೊಂಡು ಅಗೆಯಲು ಶುರುಮಾಡಿದೆವು. ನನ್ನ ಮಂಡಿಗಳಿಗೆ ಇದು ಒಪ್ಪಿಗೆಯಿರಲಿಲ್ಲ, ಆದರೂ ಹೋದೆ.

ಗಂಗೆ ಬಂದಳು

ಮೊದಲ ಸೈಟಿನ ಒಡತಿ ನಮ್ಮ ಯಂತ್ರ ನೋಡಿ, "ಬೋರ್ ಪಾಯಿಂಟ್ ನೋಡೋರಾ?" ಎಂದು ಕೇಳಿದರು. ಅಲ್ಲ ಅಂದೆವು. ನಂಬಲಿಲ್ಲ. "ಮೊದಲು ಬಂದವರು ತೆಂಗಿನಕಾಯಿ ಹಿಡ್ಕೊಂಡು ನೋಡಿದ್ರು, ನೀವು ಕರೆಂಟಲ್ಲಿ ನೋಡ್ತೀರ, ಅಷ್ಟೇ ತಾನೆ?" ಎಂದು ಕೈಗೆ ಮಜ್ಜಿಗೆ ಕೊಟ್ಟು ನಿಂತರು.

ಮೂಲೆಯೊಂದರಲ್ಲಿ ಯಂತ್ರ ಕುಂಯ್ ಅಂದಿತು. ಆಕೆ ತಡಮಾಡದೆ ಅಲ್ಲಿಗೆ ಅರಿಶಿನ ಕುಂಕುಮ ಹಾಕಿದರು. ಗೆಳೆಯ ಒಂದಡಿ ಅಗೆದು ಜೋರಾಗಿ ಇನ್ನೊಂದು ಏಟು ಹಾಕಿದ್ದೇ ತಡ, ನೀರು ಚಿಲ್ಲೆಂದು ನಮ್ಮ ಮುಖಕ್ಕೆ ಹಾರಿತು. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ಕೈಮುಗಿದರು. "ಒಂದೇ ಅಡಿಗೆ ಗಂಗಮ್ಮ ಬಂದ್ಲಲ್ಲ ಸಾರ್!"

ಅಷ್ಟರಲ್ಲಿ ಪಕ್ಕದ ಮನೆಯ ಬಚ್ಚಲಿನ ಕಿಟಕಿಯಿಂದ ಸೋಪು ಮೆತ್ತಿದ ಮುಖವೊಂದು ಹೊರಬಂತು. "ಯಾರ್ರೀ ಅದು ನಮ್ ನಲ್ಲಿ ಪೈಪು ಒಡೆದಿದ್ದು?"

ಆಕೆ ಕೈಮುಗಿದುಕೊಂಡೇ ಅತ್ತ ತಿರುಗಿದರು. "ನಿಮ್ ಪೈಪು ನಮ್ ಸೈಟಲ್ಲಿ ಏನ್ರೀ ಮಾಡ್ತಿದೆ?"

ನಾವು ಮಜ್ಜಿಗೆ ಲೋಟ ಕೆಳಗಿಟ್ಟು ಮೆಲ್ಲಗೆ ಹೊರಟೆವು.

ಅಪ್ಪನ ಬೂಟು

ಇನ್ನೊಂದು ಸೈಟಿನಲ್ಲಿ ಅಗೆಯುತ್ತಿದ್ದಾಗ ಬೀಟಿಗೆ ಬಂದ ಪೊಲೀಸಿನವರೊಬ್ಬರು ಬೈಕು ನಿಲ್ಲಿಸಿದರು. ನಿಧಿ ಅಗೆಯುತ್ತಿದ್ದೇವೆಂದು ಯಾರೋ ಫೋನ್ ಮಾಡಿದ್ದರಂತೆ.

"ಏನ್ ಹುಡುಕ್ತಿದೀರ?"

"ಅಪ್ಪನ ಬೂಟು ಸಾರ್" ಅಂದ ಗೆಳೆಯ.

"ಯಾವಾಗ ಕಳೆದಿದ್ದು?"

"ನಾನು ತೊಟ್ಟಿಲಲ್ಲಿದ್ದಾಗ."

ಅವರು ಗೆಳೆಯನ ನರೆತ ತಲೆಯನ್ನೊಮ್ಮೆ ನೋಡಿದರು. ಕಥೆ ಪೂರ್ತಿ ಕೇಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಅಣ್ಣನೂ ಮಿಲಿಟರಿಯಂತೆ. ಹೊರಡುವಾಗ ಅವರು ಬಹಳ ಗಂಭೀರವಾಗಿ ಕೇಳಿದರು, "ಎಷ್ಟನೇ ನಂಬರ್ ಸಾರ್ ಬೂಟು? ಬೇರೆಯವರದು ಸಿಕ್ಕಿಬಿಟ್ರೆ ಕಷ್ಟ."

ಚಪ್ಪಲಿ ಬಿಡಿ

ಕೆರೆ ಕಡೆಯ ಸೈಟೊಂದರಲ್ಲಿ, ಬೇವಿನ ಮರದ ಹತ್ತಿರ, ದುಂಡಗಿನ ಕಬ್ಬಿಣದ ಉಂಡೆಯೊಂದು ಸಿಕ್ಕಿತು. ಹಳೇ ಕಾಲದ ಫಿರಂಗಿ ಗುಂಡೇ ಇರಬೇಕೆಂದು ಗೆಳೆಯ ಹಿಗ್ಗಿಹೋದ. ತಿಳಿದವರಿಗೆ ತೋರಿಸೋಣವೆಂದು ಅದನ್ನು ತೊಳೆದು, ಒಣಗಲೆಂದು ಮರದ ಬುಡದಲ್ಲಿಟ್ಟು ಕಾಫಿಗೆ ಹೋದೆವು. ತೊಳೆದದ್ದೇ ನಾವು ಮಾಡಿದ ತಪ್ಪು. ನಮ್ಮ ಕಡೆ ಮರದ ಬುಡದಲ್ಲಿ ಒದ್ದೆಯಾದ ದುಂಡು ವಸ್ತುವನ್ನು ಯಾರೂ ಸುಮ್ಮನೆ ಬಿಡುವುದಿಲ್ಲ.

ವಾಪಸು ಬಂದಾಗ ಅದಕ್ಕೆ ಕುಂಕುಮ, ಸೇವಂತಿಗೆ ಹೂವು, ಎರಡು ಊದುಬತ್ತಿ. ಆಟೋದವನೊಬ್ಬ ಕಣ್ಣುಮುಚ್ಚಿ ನಿಂತಿದ್ದ. ಗೆಳೆಯ ಎತ್ತಿಕೊಳ್ಳಲು ಬಗ್ಗಿದ.

"ಸಾರ್, ಚಪ್ಪಲಿ ಬಿಡಿ."

"ಇದು ನಾವು ಅಗೆದು ತೆಗೆದಿದ್ದಪ್ಪ."

"ಹೌದಾ ಅಣ್ಣ? ಹಂಗಾದ್ರೆ ನಿಮಗೇ ಒಲಿದಿರೋದು. ಮಂಗಳಾರತಿ ನೀವೇ ಎತ್ತಿ."

ಎತ್ತಿದ. ಏನು ಮಾಡುತ್ತಾನೆ? ಈಗ ಅಲ್ಲಿ ಗ್ರಿಲ್ಲು, ತಗಡಿನ ಸೂರು ಎಲ್ಲ ಆಗಿದೆ. ಶನಿವಾರ ಮೊಸರನ್ನ ಹಂಚುತ್ತಾರೆ. ಸೈಟಿನ ಮಾಲೀಕರು ನಮ್ಮಿಬ್ಬರನ್ನು ಕಂಡರೆ ಮುಖ ತಿರುಗಿಸುತ್ತಾರೆ. ಮೊಸರನ್ನ ಮಾತ್ರ ಚೆನ್ನಾಗಿರುತ್ತದೆ.

ಟ್ರಂಕು

ಕೊನೆಗೆ ಉಳಿದದ್ದು ಅಪಾರ್ಟ್‌ಮೆಂಟಿಗೆಂದು ಪಾಯ ತೋಡುತ್ತಿದ್ದ ಮೂಲೆ ಸೈಟು. ಅಲ್ಲಿ ಹಳೇ ಬಾವಿಯ ಕಲ್ಲುಕಟ್ಟಡ ಹೊರಬಿದ್ದಿದೆ ಎಂದು ಸುದ್ದಿ ಬಂತು. ತಿಪ್ಪೆಗುಂಡಿ ಬಾವಿಯ ಪಕ್ಕದಲ್ಲೇ ಇತ್ತೆಂದು ಅಮ್ಮ ಹೇಳಿದ್ದರು. "ಊಟದ ಹೊತ್ತಿನವರೆಗೆ ನೋಡ್ಕೊಳಿ, ಆಮೇಲೆ ಕಾಂಕ್ರೀಟ್ ಹಾಕ್ತೀವಿ" ಅಂದರು ಅಲ್ಲಿಯ ಎಂಜಿನಿಯರು. ಯಂತ್ರ ಬಾವಿಯ ಪಕ್ಕ ಕುಂಯ್ ಅನ್ನುವುದನ್ನು ನಿಲ್ಲಿಸಲೇ ಇಲ್ಲ.

ತುಕ್ಕು ಹಿಡಿದು ಜರಡಿಯಾಗಿದ್ದ ಟ್ರಂಕನ್ನು ಬೆಡ್‌ಶೀಟಿನಲ್ಲಿ ಕಟ್ಟಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆವು. ಅಮ್ಮ ಫೋಟೋ ಮುಂದೆ ದೀಪ ಹಚ್ಚಿ ಕೂತಿದ್ದರು. ಗೆಳೆಯ ಮುಚ್ಚಳ ಮೀಟಿದ.

ಬೂಟು ಇರಲಿಲ್ಲ. ಕೋಟೂ ಇಲ್ಲ, ಬೆಲ್ಟಿನ ಹಿತ್ತಾಳೆ ಬಿಲ್ಲೆಯೂ ಇಲ್ಲ. ಇದ್ದದ್ದು ಒಂದಿಷ್ಟು ಇಟ್ಟಿಗೆ ಚೂರು, ಅವುಗಳ ನಡುವೆ ಒಂದು ಕಲ್ಲಿನ ಕುಟ್ಟಾಣಿ. ಹೆಂಡತಿಯ ಮನಸ್ಸಿನಲ್ಲಿ ಏನಿದೆ ಎಂದು ಆ ಮನುಷ್ಯ ಮೊದಲೇ ಊಹಿಸಿ, ಸಾಮಾನೆಲ್ಲ ತೆಗೆದಿಟ್ಟುಕೊಂಡು, ಎತ್ತಿದರೆ ಭಾರ ಇರಲೆಂದು ಕೈಗೆ ಸಿಕ್ಕಿದ್ದನ್ನು ತುಂಬಿಸಿಟ್ಟಿದ್ದರು.

ಅಮ್ಮ ಬಹಳ ಹೊತ್ತು ಒಳಗೆ ಕೈಯಾಡಿಸಿದರು. ಏನೂ ಸಿಗಲಿಲ್ಲ.

"ಬೂಟು ಹಾಕ್ಕಂಡೇ ಹೋಗವ್ರೆ" ಅಂದರು ಮೆಲ್ಲಗೆ. "ಕಂಬಳಿ ಒಳಗೆ ಕೋಟು ಇತ್ತು ಕಣೋ. ಬೆಚ್ಚಗೆ ಹೋಗವ್ರೆ."

ಗೆಳೆಯ ಗೋಡೆಗೆ ಮುಖ ಮಾಡಿ ಅಳತೊಡಗಿದ. ಅಮ್ಮನ ಭುಜಗಳು ಕುಲುಕುತ್ತಿದ್ದವು. ಅಳುತ್ತಿದ್ದಾರೆಂದು ಹತ್ತಿರ ಹೋದರೆ ನಗುತ್ತಿದ್ದರು. ಕುಟ್ಟಾಣಿಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣೊರೆಸಿಕೊಂಡು, ಫೋಟೋ ಕಡೆ ಬೆರಳು ತೋರಿಸಿ ನಗುತ್ತಿದ್ದರು.

"ಅಳೋದು ಆಮೇಲೆ. ಬೊಮ್ಮನಹಳ್ಳಿಗೆ ಫೋನ್ ಹಾಕೋ, ನಿಮ್ ಚಿಕ್ಕಮ್ಮಂಗೆ. ಕುಟ್ಟಾಣಿ ಕದ್ದಳು ಅಂತ ಅವಳ ಮಖ ನೋಡದೆ ಇಷ್ಟು ವರ್ಷ ಕಳೆದೆ. ಕದ್ದೋರು ನಿಮ್ಮಪ್ಪ ಅನ್ನು."