ಹೂಂಗುಟ್ಟುವ ಸುಲ್ತಾನ

“ಈ ಮನೇಲಿ ರಾತ್ರಿ ಹೊತ್ತು ಎಚ್ಚರಾಗಿರೋ ಗಂಡುಪಿರಾಣಿ ಅನ್ನೋದು ಒಂದಾದ್ರೂ ಅದಾ?”

ಕುಸುಮ ಈ ಮಾತನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಮುಸುಕಿನ ಜೋಳದ ಹೊಲದ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತು, ಆಗತಾನೆ ಬೆಟ್ಟದ ಮೇಲೆ ತಲೆಯೆತ್ತಿದ ಸೂರ್ಯನನ್ನು ಕೇಳಿದ ಹಾಗೆ ಕೇಳಿದಳು. ಆದರೆ ಆ ಮನೆಯಲ್ಲಿದ್ದ ಗಂಡುಪ್ರಾಣಿಗಳು ಎರಡೇ. ಒಂದು, ಬದುವಿನ ಮೇಲೆ ಬೇವಿನಕಡ್ಡಿ ಕಚ್ಚಿಕೊಂಡು ನಿಂತಿದ್ದ ಅವಳ ಗಂಡ ರಂಗಸ್ವಾಮಿ. ಇನ್ನೊಂದು, ಅವನ ಪಾದದ ಮೇಲೆ ಗಲ್ಲವೂರಿ ನಿದ್ದೆ ಹೋಗಿದ್ದ ಪಗ್ ನಾಯಿ ಸುಲ್ತಾನ. ಮೊದಲನೆಯದು ತಲೆ ತಗ್ಗಿಸಿತು. ಎರಡನೆಯದು ಗೊರಕೆ ಹೊಡೆಯಿತು.

ರಾತ್ರಿ ಕಾಡುಹಂದಿಗಳು ಬಂದು ಹತ್ತು ಸಾಲು ಜೋಳವನ್ನು ಮದುವೆಮನೆಯ ಕೊನೇ ಪಂಕ್ತಿಯ ಎಲೆಗಳಂತೆ ಬಳಿದುಹಾಕಿ ಹೋಗಿದ್ದವು. ಸುಲ್ತಾನ ಮಲಗಿದ್ದ ಗೋಣಿತಾಟಿನಿಂದ ನಾಲ್ಕು ಮಾರು ದೂರದಲ್ಲಿ ಹಂದಿಯ ಹೆಜ್ಜೆಗಳಿದ್ದವು. ಒಂದು ಹಂದಿ ನಿಂತು ಅವನನ್ನು ನೋಡಿಕೊಂಡು ಹೋದ ಗುರುತೂ ಇತ್ತು.

“ಕೇಳ್ಕೋ,” ಎಂದು ಕುಸುಮ ಈಗ ಗಂಡನ ಕಡೆಗೇ ತಿರುಗಿದಳು. “ಹೊತ್ತು ಮುಳುಗೋದ್ರೊಳಗೆ ಈ ಹೊಲಕ್ಕೆ ಬೊಗಳೋ ನಾಯಿ ಒಂದು ಬರ್ಬೇಕು. ಬರಲಿಲ್ಲ ಅಂದ್ರೆ ಕಂಬಳಿ, ಟಾರ್ಚು ತಕಂಡು ನೀನೇ ಅಟ್ಟಣೆ ಹತ್ತು. ಜೋಳ ಮುರಿಯೋಗಂಟ ಇಳಿಯಂಗಿಲ್ಲ.”

ಅಟ್ಟಣೆ ಎಂಬ ಮಾತು ಕೇಳಿದ್ದೇ ರಂಗಸ್ವಾಮಿಯ ಬಾಯಿಂದ ಬೇವಿನಕಡ್ಡಿ ಬಿತ್ತು. ಹೊಲ ಕಾಯಲು ಎತ್ತರದ ಕಂಬಗಳ ಮೇಲೆ ಕಟ್ಟಿದ್ದ ಆ ಮಂಚದ ಮೇಲೆ ಹೋದ ವರ್ಷ ಒಂದೇ ಒಂದು ರಾತ್ರಿ ಅವನು ಮಲಗಿದ್ದ. ಆ ರಾತ್ರಿಯೇ ಕಾಡಿನಿಂದ ಬಂದ ಆನೆಯೊಂದಕ್ಕೆ ಬೆನ್ನಿನಲ್ಲಿ ನವೆ ಎದ್ದಿತ್ತು; ತುರಿಸಿಕೊಳ್ಳಲು ಅದಕ್ಕೆ ಅಟ್ಟಣೆಯ ಕಂಬವೇ ಹಿತವೆನಿಸಿತ್ತು. ಆನೆಯ ತುರಿಕೆ ತೀರುವ ತನಕ ಮೇಲಿದ್ದವನು ಮಾದಪ್ಪನ ಹೆಸರನ್ನು ಎಷ್ಟು ಸಲ ಹೇಳಿದನೋ, ಅಷ್ಟು ಸಲ ಅದಕ್ಕೂ ಮುಂಚಿನ ನಲವತ್ತು ವರ್ಷದಲ್ಲಿ ಹೇಳಿರಲಿಲ್ಲ.

ತಪ್ಪು ಅವನದೇ. ಹದಿನೈದು ದಿನದ ಹಿಂದೆ ಹೊಲ ಕಾಯುವ ನಾಯಿಮರಿಯೊಂದನ್ನು ಮಾರ್ಟಳ್ಳಿಯಿಂದ ತಾ ಎಂದು ಕುಸುಮ ಕಳಿಸಿದ್ದಳು. ಅವನು ಕೊಳ್ಳೇಗಾಲಕ್ಕೆ ಹೋಗಿ, ನಾಯಿಗಳ ಪ್ರದರ್ಶನ ನೋಡಿ ಮರುಳಾಗಿ, ಚಾಂಪಿಯನ್ನನ ಮಗನನ್ನು ಕಾಗದಪತ್ರದ ಸಮೇತ ತಂದಿದ್ದ. ಅಪ್ಪ ಚಾಂಪಿಯನ್ ಆದ ಮೇಲೆ ಮಗ ಬೊಗಳುವುದರಲ್ಲೂ ಚಾಂಪಿಯನ್ನೇ ಇರಬೇಕೆಂಬುದು ಅವನ ಲೆಕ್ಕ. ಸುಲ್ತಾನನಿಗೋ ಬೊಗಳುವುದಿರಲಿ, ಉಸಿರಾಡುವುದೇ ಒಂದು ಉದ್ಯೋಗವಾಗಿತ್ತು. ಉಸಿರು ಒಳಗೆ ಹೋಗುವಾಗ ‘ಖರ್ರ್’ ಎನ್ನುತ್ತಿತ್ತು; ಹೊರಗೆ ಬರುವಾಗ, ಎಲ್ಲವನ್ನೂ ಒಪ್ಪಿಕೊಂಡವನ ಹಾಗೆ, ‘ಹೂಂ’ ಎನ್ನುತ್ತಿತ್ತು.

ಪಕ್ಕದ ಹೊಲದ ದೊಡ್ಡಬಸಮ್ಮ ಆಗಲೇ ಬದುವಿಗೆ ಬಂದು ನಿಂತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಅವಳ ಹಿಂದೆ ಅವಳ ನಾಯಿ ಕರಿಯ, ಒಂದು ಕಿವಿ ಹರಿದ, ಪಕ್ಕೆಲುಬು ಕಾಣುವ ಊರನಾಯಿ. ಕರಿಯನ ಅಪ್ಪ ಯಾರೆಂದು ಕರಿಯನ ಅವ್ವನಿಗೂ ಖಚಿತವಿರಲಿಲ್ಲ. ಆದರೆ ಅವನು ಬದುವಿನ ಮೇಲೆ ಒಂದು ಸುತ್ತು ಬಂದರೆ ಸಾಕು, ಹಂದಿಗಳು ದೊಡ್ಡಬಸಮ್ಮನ ಹೊಲ ಬಿಟ್ಟು ಸೀದಾ ರಂಗಸ್ವಾಮಿಯ ಹೊಲಕ್ಕೆ ಬರುತ್ತಿದ್ದವು.

“ಲೇ ರಂಗ, ಅದೇನೋ ಜಾತಿ ಕಾಗ್ದ ಕೊಟ್ಟವ್ರೆ ಅಂದ್ಯಲ್ಲ, ಓದ್ಲಾ ಕೇಳ್ಮ.”

ಓದಿದರೆ ಮರ್ಯಾದೆ ಉಳಿದೀತೆಂದು ರಂಗಸ್ವಾಮಿ ಜೇಬಿನಿಂದ ಕಾಗದ ತೆಗೆದು ಗಟ್ಟಿಯಾಗಿ ಓದಿದ. ಸುಲ್ತಾನನ ಅಪ್ಪನ ಹೆಸರು, ಅವನು ಗೆದ್ದ ಕಪ್‌ಗಳು. ಅಪ್ಪನ ಅಪ್ಪ, ಪ್ರಿನ್ಸ್. ಅವ್ವನ ಹೆಸರು. ಅವ್ವನ ಅಪ್ಪ...

“ನಿಲ್ಸು,” ಎಂದಳು ದೊಡ್ಡಬಸಮ್ಮ. “ಅವ್ವನ ಅಪ್ಪ ಯಾರಂದೆ?”

“ಪ್ರಿನ್ಸು, ದೊಡ್ಡವ್ವ.”

“ಅಪ್ಪನ ಅಪ್ಪ?”

“ಪ್ರಿನ್ಸು.”

“ಅಯ್ಯಯ್ಯೋ ಶಿವನೇ! ಇಬ್ರೂ ಒಬ್ನ ಮಕ್ಳಲ್ಲೋ! ಅಣ್ಣ ತಂಗಿಗೆ ಗಂಟಾಕವ್ರಲ್ಲೋ!” ದೊಡ್ಡಬಸಮ್ಮ ಎಲೆಯಡಿಕೆ ಉಗುಳಿ ಕೆನ್ನೆ ಬಡಿದುಕೊಂಡಳು. “ನಾವು ಒಂದೇ ಬೆಡಗು, ಒಂದೇ ಕುಲ ಅಂತ ಗೊತ್ತಾದ್ರೆ ವೀಳ್ಯ ತಿರುಗ್ಸಿ ಕಳಿಸ್ತೀವಿ. ಇವ್ರು ಅಂಥದ್ನೇ ಮಾಡಿ, ಬರ್ದು, ಸೀಲೂ ಒತ್ತವ್ರೆ! ಅದ್ಕೇ ಕಣ್ಲಾ ಪಾಪದ್ದು ಮೂತಿ ಒಳೀಕೆ ಎಳ್ಕಂಡು ಕುಂತದೆ, ನಾಚ್ಕೆಗೆ!”

ಕುಸುಮ ನಗಲಿಲ್ಲ. ಪಡುವಣ ದಿಕ್ಕಿಗೆ ಬೆರಳು ತೋರಿಸಿದಳಷ್ಟೆ. ಸೂರ್ಯ ಅಲ್ಲಿಗೆ ಹೋಗುವುದರೊಳಗೆ, ಎಂದು ಅದರ ಅರ್ಥ.

ರಂಗಸ್ವಾಮಿ ಸುಲ್ತಾನನನ್ನು ಹೆಗಲಿಗೆ ಹಾಕಿಕೊಂಡು ಹನೂರಿನ ಬಸ್ಸು ಹತ್ತಿದ. ಅಲ್ಲಿನ ಪಶುವೈದ್ಯೆ ಬೊಗಳುವುದಕ್ಕೆ ಏನಾದರೂ ಮದ್ದು ಕೊಟ್ಟಾರು ಎಂದೊಂದು ಆಸೆ.

“ಇದೇನು, ನಾಯಾ ಕೋತಿಯಾ?” ಎಂದ ಕಂಡಕ್ಟರ್.

“ಚಾಂಪಿಯನ್ ಸಾ.”

“ಗ್ವಾಡೆಗೆ ಗುದ್ಕಂಡ್ತಾ?” ಎಂದು ಹಿಂದಿನ ಸೀಟಿನವರು ಕೇಳಿದರು. “ಯಾಕಪ್ಪ ಅಳ್ತಾ ಅದೆ, ವಟ್ಟೆಗೆ ಏನೂ ಆಕ್ಲಿಲ್ವಾ?” ಎಂದು ಒಬ್ಬಾಕೆ ಗದರಿಸಿ, ಮಡಿಲಿನಿಂದ ಬಿಸ್ಕತ್ತು ತೆಗೆದು ಕೊಟ್ಟಳು.

ಪಕ್ಕದಲ್ಲಿ ಕುಳಿತಿದ್ದ ಪುಟ್ಟಸಿದ್ದಯ್ಯ ಎಂಬ ಹಿರಿಯರು ಮಾತ್ರ ಏನೂ ಕೇಳಲಿಲ್ಲ. ಅವರಿಗೆ ಹೇಳುವುದಿತ್ತು. ತಮ್ಮನ ಜೊತೆಗಿನ ಬದುವಿನ ಜಗಳವನ್ನು ಆರಂಭದಿಂದ ಹೇಳತೊಡಗಿದರು. “ಮೊದ್ಲು ಆ ಕಲ್ಲು ಉಣಿಸೆ ಮರದ ಬುಡದಾಗಿತ್ತು.” ‘ಹೂಂ,’ ಎಂದ ಸುಲ್ತಾನ. “ಒಂದಿನ ಬೆಳಗ್ಗೆ ನೋಡ್ತೀನಿ, ಎಲ್ಡು ಗೇಣು ಈಚ್ಗೆ ಬಂದದೆ.” ‘ಹೂಂ.’ “ಕಲ್ಲಿಗೇನು ಕಾಲಿದ್ದಾವಾ?” ‘ಹೂಂ.’ ರಂಗಸ್ವಾಮಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದ. ಹನೂರು ಬಂದಾಗ ಪುಟ್ಟಸಿದ್ದಯ್ಯನವರ ಕಣ್ಣು ಒದ್ದೆಯಾಗಿತ್ತು.

“ಮೂವತ್ತು ವರ್ಸದಿಂದ ಏಳ್ತಾ ಇವ್ನಿ ಕಣಪ್ಪ, ಲಾಯರೂ ಸಯ್ತ ಇಷ್ಟು ಗ್ಯಾನ ಮಡಗಿ ಕೇಳಿರ್ನಿಲ್ಲ,” ಎಂದು ಸುಲ್ತಾನನ ತಲೆ ಸವರಿ ಇಳಿದುಹೋದರು.

ಡಾಕ್ಟರ್ ನಾಗಶ್ರೀ ಸುಲ್ತಾನನ ಮೂಗಿನ ಹೊಳ್ಳೆಗೆ ಟಾರ್ಚು ಹಿಡಿದು, ಎದೆಗೆ ಕೊಳವೆಯಿಟ್ಟು ಕೇಳಿ, ನಿಟ್ಟುಸಿರು ಬಿಟ್ಟರು.

“ಇದಕ್ಕೆ ಕಾಯಿಲೆ ಬಂದಿಲ್ಲ, ರಂಗಸ್ವಾಮಿ. ಇದನ್ನ ಮಾಡಿರೋದೇ ಹೀಗೆ. ಮೂತಿ ಚಪ್ಪಟೆ ಇದ್ರೆ ಚೆಂದ ಅಂತ ಚಪ್ಪಟೆಗೆ ಚಪ್ಪಟೆ ಸೇರಿಸ್ತಾ ಬಂದ್ರು. ಮೂಳೆ ಗಿಡ್ಡ ಆಯ್ತು, ಒಳಗಿನ ಮಾಂಸ ಗಿಡ್ಡ ಆಗ್ಲಿಲ್ಲ. ನಾಲ್ಕು ಕೋಣೆ ಸಾಮಾನನ್ನ ಒಂದು ಕೋಣೆಗೆ ತುರುಕಿದ ಹಾಗೆ. ಗಾಳಿಗೆ ಜಾಗ ಎಲ್ಲಿದೆ?”

“ಬೊಗಳಾಕೆ ಏನಾರ ಇಂಜೆಕ್ಷನ್ನು, ಮೇಡಮ್?”

“ಬಾಯಿ ಮುಚ್ಚಿಸಿ ಅಂತ ಬರೋರೇ ಜಾಸ್ತಿ ನಮ್ಮ ಹತ್ರ. ಬೊಗಳಿಸಿ ಅಂದೋರು ನೀವೇ ಮೊದಲು. ಬಿಸಿಲಿಗೆ ಬಿಡಬೇಡಿ, ಓಡಿಸಬೇಡಿ, ದಪ್ಪ ಆಗೋಕೆ ಬಿಡಬೇಡಿ. ನೆರಳಲ್ಲಿ ಯಾರದಾದ್ರೂ ಪಕ್ಕ ಕೂತಿರಲಿ. ಅದಕ್ಕೆ ಗೊತ್ತಿರೋ ಕೆಲಸ ಅದೊಂದೇ. ಅದನ್ನ ಚೆನ್ನಾಗಿ ಮಾಡುತ್ತೆ.”

ರಂಗಸ್ವಾಮಿ ಅಲ್ಲಿಂದ ಕೊಳ್ಳೇಗಾಲಕ್ಕೆ ಹೋದ. ತಂದಲ್ಲಿಗೇ ವಾಪಸು ಕೊಟ್ಟು ಬೇರೆ ನಾಯಿ ಕೇಳುವುದೊಂದೇ ಉಳಿದಿದ್ದ ದಾರಿ. ನಾಯಿ ಸಾಕುವ ಮಹದೇವಪ್ರಸಾದನ ಮನೆಯ ಗೇಟು ತೆಗೆದು ಒಂದು ಹೆಜ್ಜೆ ಇಟ್ಟಿದ್ದನಷ್ಟೆ, ಮೆಟ್ಟಿಲ ಕೆಳಗಿನಿಂದ ಕಂದುಬಣ್ಣದ ಬೀದಿನಾಯಿಯೊಂದು ಬಾಣದ ಹಾಗೆ ನುಗ್ಗಿತು. ರಂಗಸ್ವಾಮಿ ಸುಲ್ತಾನನನ್ನು ತಲೆಯ ಮೇಲೆ ಹೊತ್ತುಕೊಂಡು ಅಲ್ಲೇ ನಿಂತಿದ್ದ ಸ್ಕೂಟರಿನ ಸೀಟು ಹತ್ತಿ ನಿಂತ.

“ಕೆಂಚಾ, ಬಿಡೋ!” ಎನ್ನುತ್ತ ಮಹದೇವಪ್ರಸಾದ ಹೊರಗೆ ಬಂದ. ಒಳ್ಳೆಯ ಮನುಷ್ಯ. ಒಳಗೆ ಏಳು ಪಗ್ ನಾಯಿಗಳು ಫ್ಯಾನಿನ ಕೆಳಗೆ ಸಾಲಾಗಿ ಮಲಗಿ ಭಜನೆಮನೆಯ ಹಾಗೆ ಗೊರಕೆ ಹೊಡೆಯುತ್ತಿದ್ದವು. ರಂಗಸ್ವಾಮಿ ಸ್ಕೂಟರಿನ ಮೇಲಿಂದಲೇ ತನ್ನ ಕಷ್ಟ ಹೇಳಿಕೊಂಡ.

ಮಹದೇವಪ್ರಸಾದ ಸುಲ್ತಾನನ ಬಾಯಿ ನೋಡಿ ತಲೆಯಾಡಿಸಿದ. “ಅಯ್ಯೋ, ನಾಲಿಗೆ ತುದಿ ಆಚೆ ಇಣುಕ್ತಾ ಇದೆಯಲ್ರೀ. ಷೋಗೆ ಇದು ಫೇಲು. ನಾನು ವಾಪಸ್ ತಗೊಂಡು ಏನ್ಮಾಡ್ಲಿ?”

“ಅಪ್ಪ ಚಾಂಪಿಯನ್ ಅಂದಿದ್ರಿ, ಸಾ.”

“ಅಪ್ಪ ಚಾಂಪಿಯನ್ನೇ. ನಮ್ಮಪ್ಪ ಹೆಡ್‌ಮಾಸ್ಟ್ರು. ನಾನು ಎಸ್ಸೆಸ್ಸೆಲ್ಸಿ ಮೂರು ಸಲ ಕಟ್ಟಿದೆ.”

ರಂಗಸ್ವಾಮಿಯ ಕಣ್ಣು ಕೆಳಗೆ ಗುರುಗುಟ್ಟುತ್ತಿದ್ದ ಕೆಂಚನ ಮೇಲೆ ನೆಟ್ಟಿತು. “ಹಂಗಾದ್ರೆ ಇದ್ನಾರ ಕೊಡಿ ಸಾ. ಜಾತಿ ಕಾಗ್ದ ಏನೂ ಬ್ಯಾಡ.”

“ಕೆಂಚನ್ನಾ?” ಮಹದೇವಪ್ರಸಾದ ಗಾಬರಿಯಾದ. “ಅವನನ್ನ ಕೊಟ್ರೆ ನಮ್ಮ ಚಾಂಪಿಯನ್ನುಗಳನ್ನ ಕಾಯೋರು ಯಾರ್ರೀ?”

ಸಂಜೆ ಐದಕ್ಕೆ ರಂಗಸ್ವಾಮಿ ತನ್ನೂರು ಹೂಗ್ಯಂನಲ್ಲಿ ಇಳಿದಾಗ ಸೂರ್ಯ ಕುಸುಮ ತೋರಿಸಿದ ಜಾಗದ ಹತ್ತಿರ ಹತ್ತಿರ ಬಂದಿದ್ದ. ಮನೆಗೆ ಹೋಗುವ ಧೈರ್ಯವಾಗದೆ ದೊಡ್ಡಬಸಮ್ಮನ ಜಗಲಿಯ ಮೇಲೆ ಕುಸಿದು ನೀರು ಕೇಳಿದ. ಒಳಗೆ ಸೊಸೆ ಟೀವಿಯಲ್ಲಿ, ಮೊಮ್ಮಕ್ಕಳು ಫೋನಿನಲ್ಲಿ ಮುಳುಗಿದ್ದರು. ದೊಡ್ಡಬಸಮ್ಮ ಅವರೆಕಾಯಿ ಸುಲಿಯುತ್ತ, ಮಾದಪ್ಪ ಹುಲಿಯೇರಿ ಬಂದ ಕತೆಯನ್ನು ತನ್ನಷ್ಟಕ್ಕೆ ರಾಗವಾಗಿ ಹೇಳಿಕೊಳ್ಳುತ್ತಿದ್ದಳು. ಅವಳ ಅವ್ವನಿಂದ ಅವಳಿಗೆ ಬಂದ ಪದಗಳು. ಸಾವಿರ ಸಾಲು ಬಾಯಲ್ಲಿದ್ದವು. ಆದರೆ ದೇವರ ಕತೆಯನ್ನು ಸುಮ್ಮನೆ ಹೇಳುವಂತಿಲ್ಲ. ಎದುರಿಗೆ ಕುಳಿತು ಸಾಲು ಸಾಲಿಗೂ ‘ಹೂಂ’ ಎನ್ನುವವರು ಒಬ್ಬರು ಬೇಕು. ಹೂಂಗುಟ್ಟುವವರಿಲ್ಲದೆ ಅವಳ ಕತೆ ಎಷ್ಟೋ ವರ್ಷದಿಂದ ಏಳನೆಯ ಸಾಲಿಗೇ ನಿಂತುಹೋಗುತ್ತಿತ್ತು.

ಅಂದು ನಿಲ್ಲಲಿಲ್ಲ. ಒಂದು ಸಾಲು ಮುಗಿಯಿತು. ‘ಹೂಂ’ ಎಂದು ಕೇಳಿಸಿತು. ಇನ್ನೊಂದು ಸಾಲು; ಇನ್ನೊಂದು ‘ಹೂಂ’. ದೊಡ್ಡಬಸಮ್ಮ ತಲೆಯೆತ್ತಿ ನೋಡಿದಳು. ಸುಲ್ತಾನ ಅವಳ ಮುಂದೆ ಕುಳಿತು, ಲೋಕದ ದುಃಖವನ್ನೆಲ್ಲ ಹಣೆಯ ಸುಕ್ಕಿನಲ್ಲಿ ಹೊತ್ತು, ಅವಳ ಬಾಯನ್ನೇ ನೋಡುತ್ತಿದ್ದ. ಇಪ್ಪತ್ತು ಸಾಲಾಯಿತು, ನಲವತ್ತಾಯಿತು. ಮಾದಪ್ಪ ಬೆಟ್ಟ ಹತ್ತಿದ. ಅವರೆಕಾಯಿ ಸುಲಿಯುವ ಕೈ ನಿಂತುಹೋಯಿತು.

“ದೊಡ್ಡವ್ವ,” ಎಂದು ರಂಗಸ್ವಾಮಿ ಗಂಟಲು ಸರಿಮಾಡಿಕೊಂಡ. “ಕರಿಯನ್ನ ನಂಗೆ ಕೊಡ್ತೀಯಾ? ಬದಲಿಗೆ ಇವನ್ನ ಮಡಿಕ್ಕೋ. ಕಾಲು ಕಟ್ಕತೀನಿ.”

ಬೈಗುಳ ತಿನ್ನಲು ಸಿದ್ಧನಾಗಿ ಕಣ್ಣು ಮುಚ್ಚಿದ್ದ. ಆದರೆ ಮುದುಕಿ ಬಾಯಲ್ಲಿದ್ದ ಒಂದೇ ಹಲ್ಲು ತೋರಿಸಿ ನಕ್ಕಳು. “ತಕಂಡೋಗ್ಲಾ. ಆದ್ರೆ ಅಗ್ಗ ಕೊಡಾಕಿಲ್ಲ. ಗೊತ್ತಲ್ಲ?”

ಗೊತ್ತಿತ್ತು. ದನ ಮಾರಿದರೂ ಕೊರಳಿನ ಹಗ್ಗವನ್ನು ಮಾರಿದವರೇ ಬಿಚ್ಚಿ ಇಟ್ಟುಕೊಳ್ಳುವುದು ಆ ಸೀಮೆಯ ಪದ್ಧತಿ. ಹಗ್ಗ ಹೋದರೆ ಕೊಟ್ಟಿಗೆಯ ಸಿರಿಯೂ ಹೋಗುತ್ತದೆ ಎಂಬ ನಂಬಿಕೆ. ರಂಗಸ್ವಾಮಿ ಸಂತೋಷದಿಂದ ತನ್ನ ಹೆಗಲ ಟವೆಲ್ಲನ್ನೇ ಕರಿಯನ ಕೊರಳಿಗೆ ಕಟ್ಟಿ, ಯುದ್ಧ ಗೆದ್ದವನಂತೆ ಮನೆಗೆ ನಡೆದ. ಕುಸುಮ ಬೆಳಗಿನಿಂದ ಮೊದಲ ಸಲ ನಕ್ಕು, ಕಾಫಿಗೆ ನೀರಿಟ್ಟಳು.

ಕಾಫಿ ಉಕ್ಕುವುದರೊಳಗೆ, ಕರಿಯನನ್ನು ಕಟ್ಟಿದ್ದ ಅಟ್ಟಣೆಯ ಕಂಬದಲ್ಲಿ ಅರ್ಧ ಟವೆಲ್ ಮಾತ್ರ ಉಳಿದಿತ್ತು. ಇನ್ನರ್ಧವನ್ನು ಕೊರಳಲ್ಲಿ ಕಟ್ಟಿಕೊಂಡು ಕರಿಯ ದೊಡ್ಡಬಸಮ್ಮನ ಬದುವಿನ ಮೇಲೆ ನಿಂತು, ರಂಗಸ್ವಾಮಿಯನ್ನು ನೋಡಿಯೇ ಬೊಗಳಿದ. ರಂಗಸ್ವಾಮಿ ಹೋಗಿ ಎಳೆತಂದ; ಕರಿಯ ಮತ್ತೆ ಓಡಿಹೋದ. ಮೂರನೆಯ ಸಲ ಕರಿಯ ಹೊರಟ ಹೊತ್ತಿಗೆ ಸೂರ್ಯನೂ ಜೊತೆಗೆ ಹೊರಟಿದ್ದ. ಹೊಲದಂಚಿನ ಪೊದೆಯಲ್ಲಿ ಏನೋ ಸರಬರ ಎಂದಿತು. ಕುಸುಮ ಕಂಬಳಿ, ಟಾರ್ಚು ತಂದು ಗಂಡನ ಕೈಗಿಟ್ಟಳು.

ಅವನು ಅವೆರಡನ್ನೂ ಹಿಡಿದುಕೊಂಡೇ ದೊಡ್ಡಬಸಮ್ಮನ ಜಗಲಿಗೆ ಓಡಿದ.

“ಏನು ದೊಡ್ಡವ್ವ ಇದು ಅನ್ಯಾಯ! ಕರಿಯ ನಿಲ್ತಾನೇ ಇಲ್ಲ!”

“ನಾನು ಕೊಟ್ಟಾಯ್ತು. ಅದು ಬಂದ್ರೆ ನಾನೇನ್ಲಾ ಮಾಡ್ಲಿ? ಉಪ್ಪು ಆಕಿದ ಮನೆ ಬುಡ್ದೆ ಇರೋ ಪಿರಾಣಿ. ಬೇಕಾದ್ರೆ ಇನ್ನೂ ಅತ್ತು ಸಲ ಎಳ್ಕಂಡೋಗು, ಬ್ಯಾಡ ಅಂದವಳಾ ನಾನು?”

ಕರಿಯ ಬಾಲ ಅಲ್ಲಾಡಿಸಿದ. ಸುಲ್ತಾನ ದೊಡ್ಡಬಸಮ್ಮನ ಹಳೇ ಸೀರೆಯ ಮಡಿಕೆಯ ಮೇಲೆ, ಬೀಸಣಿಗೆಯ ಗಾಳಿಯಲ್ಲಿ ಕುಳಿತಿದ್ದ. ಹಣೆಯ ಸುಕ್ಕುಗಳ ತುಂಬ ವಿಭೂತಿಯಿತ್ತು. ಇಡೀ ದಿನ ಯಾರಿಗಾದರೂ ದಾಟಿಸಿದರೆ ಸಾಕೆಂದು ಹೊತ್ತು ತಿರುಗಿದ್ದ ಆ ಬೆಚ್ಚನೆಯ ಭಾರ ಈಗ ಹೆಗಲ ಮೇಲಿಲ್ಲದ್ದು ರಂಗಸ್ವಾಮಿಗೆ ಯಾಕೋ ಖಾಲಿಯೆನಿಸಿತು. ದೂರದಲ್ಲಿ ಅಟ್ಟಣೆ ಕಪ್ಪಗೆ ನಿಂತಿತ್ತು. ಅದರ ಕಂಬ ಇವತ್ತೂ ಯಾರ ಬೆನ್ನಿಗೋ ಕಾಯುತ್ತಿದ್ದ ಹಾಗಿತ್ತು.

“ಹೋಗ್ಲಿ ಬುಡು,” ಎಂದ, ದನಿ ತಗ್ಗಿಸಿ. “ಕರಿಯ ನಿನ್ಹತ್ರಾನೇ ಇರ್ಲಿ. ಸುಲ್ತಾನನ್ನ ಕೊಡು. ಬೊಗಳೋದು ಬ್ಯಾಡ. ಅಟ್ಟಣೆ ಮ್ಯಾಲೆ ಜೊತೇಗೆ ಒಂದು ಉಸಿರಾದ್ರೂ ಇರ್ಲಿ. ಇವತ್ತೊಂದು ರಾತ್ರಿಗೆ, ದೊಡ್ಡವ್ವ.”

ಕತೆಯಲ್ಲಿ ಮಾದಪ್ಪ ಇನ್ನೂ ಮೂರು ಬೆಟ್ಟ ದಾಟುವುದಿತ್ತು. ದೊಡ್ಡಬಸಮ್ಮ ಸುಲ್ತಾನನನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಸೆರಗು ಹೊದಿಸಿದಳು.

“ಕೊಡಾಕಿಲ್ಲ, ಓಗ್ಲಾ.”