ಕುಬಸದ ಬುತ್ತಿ ಮತ್ತು ಬ್ಯಾಟರಿ

ಎಲೆಕ್ಟ್ರಿಕ್ ಗಾಡಿ ಕೊಳ್ಳಬೇಕೋ, ಪೆಟ್ರೋಲಿನದೇ ಸಾಕೋ ಎಂದು ಯಾರಾದರೂ ಕೇಳಿದರೆ ಒಂದು ಕಾಲದಲ್ಲಿ ನಾನು ಅರ್ಧ ತಾಸು ಮಾತಾಡುತ್ತಿದ್ದೆ. ನವನಗರದ ನಮ್ಮ ಸೆಕ್ಟರಿನಲ್ಲಿ ನನ್ನನ್ನು ಕಂಡರೆ ಪೆಟ್ರೋಲ್ ಗಾಡಿಯವರು ಬೇರೆ ರಸ್ತೆ ಹಿಡಿಯುತ್ತಿದ್ದರು. ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ವರ್ಷಗಟ್ಟಲೆ ಬೇರೆಯವರ ಸುದ್ದಿ ತಿದ್ದಿದವನು ನಾನು. ಎರಡೂ ಕಡೆಯ ಅಭಿಪ್ರಾಯ ಕೇಳದೆ ಒಂದು ಸಾಲನ್ನೂ ಅಚ್ಚಿಗೆ ಬಿಟ್ಟವನಲ್ಲ. ನನ್ನ ಎಲೆಕ್ಟ್ರಿಕ್ ಸ್ಕೂಟರಿನ ವಿಷಯದಲ್ಲಿ ಮಾತ್ರ ಒಂದೇ ಕಡೆ ಕೇಳಿದ್ದೆ. ಅದು ಮಾರಿದವನ ಕಡೆ.

ಮಗಳು ರೂಪಾಳ ಕುಬಸ, ಅಂದರೆ ಸೀಮಂತ, ಇಳಕಲ್ಲಿನಲ್ಲಿ, ಬೀಗರ ಮನೆಯಲ್ಲಿ ನಿಶ್ಚಯವಾಯಿತು. ತವರಿನಿಂದ ಬುತ್ತಿ ಹೋಗಬೇಕು, ಹಸಿರು ಬಳೆ ಹೋಗಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಸೀರೆ ಹೋಗಬೇಕು. ಬಸುರಿ ಆ ಸೀರೆ ಉಟ್ಟೇ ಮಣೆಯ ಮೇಲೆ ಕೂಡುವುದು. ಮಧ್ಯಾಹ್ನದ ಮುಹೂರ್ತ ತಪ್ಪುವಂತಿದ್ದರೆ ತಮ್ಮ ಮನೆಯ ಸೀರೆ ಉಡಿಸಿ ಕೂಡಿಸುತ್ತೇವೆ ಎಂದು ಬೀಗತಿ ನಗುತ್ತಲೇ ಹೇಳಿದ್ದರು. ಆ ನಗು ನನ್ನ ಹೆಂಡತಿ ಸುವರ್ಣಾಳಿಗೆ ಹಿಡಿಸಿರಲಿಲ್ಲ. ಹಾಗೇನಾದರೂ ಆದರೆ ಆ ಮಾತು ಇಳಕಲ್ಲಿನಲ್ಲಿ ನಾವು ಸತ್ತ ಮೇಲೂ ಉಳಿಯುತ್ತದೆ ಎಂಬುದು ಅವಳ ಖಚಿತ ಅಭಿಪ್ರಾಯ.

"ಸುಮ್ನ ಒಂದ್ ಕಾರ್ ಮಾಡ್ಕೊಂಡು ಹೋಗೂಣ್ರಿ," ಎಂದಳು.

ನಾನು ಒಪ್ಪಲಿಲ್ಲ, ಸ್ಕೂಟರೇ ಸಾಕೆಂದೆ. ಕಂಪನಿಯ ಲೆಕ್ಕದಂತೆ ಇಳಕಲ್ಲು ತಲುಪಿ ಅರ್ಧ ದಾರಿ ಹಿಂದಿರುಗಿದರೂ ಚಾರ್ಜು ಉಳಿಯುತ್ತದೆ ಎಂದು ಸಾಬೀತುಪಡಿಸಿದೆ. ಹೊಗೆ, ಭೂಮಿಯ ಬಿಸಿ, ಹುಟ್ಟಲಿರುವ ಮೊಮ್ಮಗುವಿನ ಶ್ವಾಸಕೋಶ, ಯಾವುದನ್ನೂ ಬಿಡಲಿಲ್ಲ. ಆದರೆ ಕಂಪನಿಯವರು ಪರೀಕ್ಷೆ ನಡೆಸಿದಾಗ ಹಿಂದಿನ ಸೀಟಿನಲ್ಲಿ ಸುವರ್ಣಾ ಇರಲಿಲ್ಲ. ಅವಳ ತೊಡೆಯ ಮೇಲೆ ಉಂಡಿಯ ಬುಟ್ಟಿ ಇರಲಿಲ್ಲ. ನನ್ನ ಕಾಲ ಬಳಿ ಊರಿಗೆಲ್ಲ ಸಾಕಾಗುವಷ್ಟು ಜೋಳದ ರೊಟ್ಟಿಯ ಗಂಟೂ ಇರಲಿಲ್ಲ. ಇದು ನನಗೆ ಹೊಳೆಯಲೇ ಇಲ್ಲ.

ಶಿರೂರು ದಾಟುವಾಗ ಸುವರ್ಣಾ ಸೀರೆ ಎಲ್ಲಿಟ್ಟಿರಿ ಎಂದು ಕೇಳಿದಳು. ನಾನು ಗಾಡಿ ನಿಲ್ಲಿಸಿದೆ. ಸೀಟಿನ ಕೆಳಗೆ ಚಾರ್ಜರ್ ಇಡಲು ಜಾಗ ಸಾಲದೆ, ಅಲ್ಲಿದ್ದ ಸೀರೆಯನ್ನು ತೆಗೆದು ಮನೆಯ ದಿವಾನದ ಮೇಲೆ ಇಟ್ಟಿದ್ದೆ. ಅದು ಅಲ್ಲೇ ಇತ್ತು. ಚಾರ್ಜರ್ ಮಾತ್ರ ಭದ್ರವಾಗಿ ಜೊತೆಗೆ ಬಂದಿತ್ತು!

"ಹೊಂಟಿದ್ದು ಇಳಕಲ್ಲಿಗೆ," ಎಂದೆ. "ಅಲ್ಲಿ ಸೀರಿಗೇನ್ ಬರಾ?"

"ಅದು ಅಂಗಡಿ ಸೀರಿ ಆಕ್ಕೈತಿ. ಇದು ತವರ ಸೀರಿ. ಗಾಡಿ ತಿರುಗಸ್ರಿ."

ಆ ತವರ ಸೀರೆಯನ್ನು ಹಿಂದಿನ ತಿಂಗಳು ನಾವು ಕೊಂಡು ತಂದದ್ದು ಇಳಕಲ್ಲಿನ ಅಂಗಡಿಯಿಂದಲೇ. ಅದನ್ನು ನೆನಪಿಸುವ ಧೈರ್ಯ ನನಗಿರಲಿಲ್ಲ. ತಿರುಗಿಸಿದೆ.

ಕಳೆದ ಹೊತ್ತನ್ನು ಹಿಡಿಯಲು ಎರಡನೆಯ ಸಲ ಹೊರಟಾಗ ಸ್ಕೂಟರನ್ನು ವೇಗದ ಸ್ಪೋರ್ಟ್ಸ್ ಮೋಡ್‌ಗೆ ಹಾಕಿದೆ. ಜೀವನದಲ್ಲಿ ಮೊದಲ ಬಾರಿಗೆ ಬಸ್ಸೊಂದನ್ನು ಹಿಂದೆ ಹಾಕಿದೆ. ಕಿಟಕಿಯಿಂದ ಯಾರೋ ಕೈ ಬೀಸಿದರು. ನಾನೂ ಬೀಸಿದೆ. ಅಮೀನಗಡ ಹತ್ತಿರವಾದಾಗ ಹಿಂದಿನಿಂದ ಸುವರ್ಣಾ, ಮೀಟರಿನಲ್ಲಿ ಅಷ್ಟೊತ್ತು ಹಸಿರಾಗಿದ್ದ ಚಾರ್ಜಿನ ಗೆರೆ ಈಗ ಕೆಂಪಾಗಿದೆಯಲ್ಲ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ವಿಚಾರಿಸಿದಳು.

ಅಮೀನಗಡದಲ್ಲಿ ಅವಳ ಚಿಕ್ಕಮ್ಮನ ಮಗಳು ಗಿರಿಜಾಳ ಮನೆ. ಒಂದು ತಾಸು ಚಾರ್ಜಿಗೆ ಹಾಕಿದರೆ ಇಳಕಲ್ಲು ಮುಟ್ಟಬಹುದಿತ್ತು. ಪಡಸಾಲೆಯ ಪ್ಲಗ್ಗಿಗೆ ನಾನೇ ಚಾರ್ಜರ್ ಸಿಕ್ಕಿಸಿ, ದೀಪ ಹತ್ತಿದ್ದನ್ನು ನೋಡಿ ಒಳಗೆ ಹೋದೆ. ಅಂದು ಅವರ ಮನೆಯಲ್ಲೂ ಏನೋ ಪೂಜೆ, ಬೇಳೆ ಬೆಂದಿತ್ತು. ಕುಬಸಕ್ಕೆ ಹೊರಟವರನ್ನು ಉಣ್ಣದೆ ಕಳಿಸುವುದುಂಟೇ ಎಂದು ಗಿರಿಜಾ ನಮ್ಮನ್ನು ಕೂಡಿಸಿಯೇ ಬಿಟ್ಟಳು. ಹೇಗೂ ಗಾಡಿಯ ಹೊಟ್ಟೆ ತುಂಬುತ್ತಿದೆ, ನಮ್ಮದೂ ತುಂಬಲಿ ಎಂದು ನಾನು ಮೂರು ಹೋಳಿಗೆ ಉಂಡೆ.

ಕೈ ತೊಳೆದು ಹೊರಗೆ ಬಂದರೆ ಗೆರೆ ಕೆಂಪಾಗಿಯೇ ಇತ್ತು. ನನ್ನ ಚಾರ್ಜರಿನ ಪಿನ್ನು ಕಿಟಕಿಯ ಸರಳಿಗೆ ಜೋತುಬಿದ್ದಿತ್ತು. ಪ್ಲಗ್ಗಿನಲ್ಲಿ ಇದ್ದದ್ದು ಮಿಕ್ಸರಿನ ವೈರು.

"ಹೂರ್ಣ ರುಬ್ಬಬೇಕಿತ್ತಲ್ರಿ ಮಾಮಾ," ಎಂದಳು ಗಿರಿಜಾ. "ಅಡಗಿಮನಿ ಪ್ಲಗ್ ಕೆಟ್ಟೈತಿ. ನಿಮ್ಮ ಗಾಡಿಗೇನು, ಆಮ್ಯಾಲ ಹಾಕಿದ್ರಾತು ಅಂತ ತಗದೆ."

ಸ್ಕೂಟರಿಗೆ ಸೇರಬೇಕಾಗಿದ್ದ ಕರೆಂಟನ್ನು ನಾನೇ ತುಪ್ಪ ಹಚ್ಚಿಕೊಂಡು ತಿಂದಿದ್ದೆ!

ಇನ್ನು ಕಾಯುವಷ್ಟು ಹೊತ್ತಿರಲಿಲ್ಲ. ನಿಧಾನ ಹೋದರೆ ತಲುಪುತ್ತದೆ ಎಂದು ಘೋಷಿಸಿ ಹೊರಟೆ. ಹುನಗುಂದದವರೆಗೆ ನನ್ನ ಘೋಷಣೆಗೆ ಚ್ಯುತಿ ಬರಲಿಲ್ಲ. ಆಮೇಲೆ ಎರಡೂ ಕಡೆ ಎರೆಹೊಲ, ನೆರಳಿಗೊಂದು ಗಿಡವಿಲ್ಲ, ಅಂಥ ಜಾಗ ನೋಡಿ ಸ್ಕೂಟರ್ ನಿಂತಿತು. ಪೆಟ್ರೋಲ್ ಗಾಡಿ ನಿಲ್ಲುವ ಮೊದಲು ಕೆಮ್ಮಿ ಸೂಚನೆ ಕೊಡುತ್ತದೆ. ಇದು ಅತ್ಯಂತ ಸಭ್ಯವಾಗಿ, ಸದ್ದಿಲ್ಲದೆ ನಿಂತಿತು.

ಅಷ್ಟರಲ್ಲಿ ರೂಪಾಳ ಫೋನು. ಸುವರ್ಣಾ ಸ್ಪೀಕರಿಗೆ ಹಾಕಿದಳು.

"ಅವ್ವಾ, ಎಲ್ಲಿ ಅದೀರಿ? ಅತ್ತಿ ತಮ್ಮ ಸೀರಿ ತಗದು ಮಂಚದ ಮ್ಯಾಲ ಇಟ್ಟಾರ."

"ಬಂದ್ವಿ ನಮ್ಮವ್ವ. ನೀ ಉಡಬ್ಯಾಡ."

ಫೋನು ಇಟ್ಟ ಮೇಲೆ ಸುವರ್ಣಾ ನನ್ನನ್ನು ಬೈಯಲಿಲ್ಲ. ರಸ್ತೆಯ ಕಡೆ ನೋಡುತ್ತ ನಿಂತಳು. ಕಣ್ಣು ತುಂಬಿತ್ತು. ಅಲ್ಲಿಯವರೆಗೆ ನನಗೆ ಇದು ಬ್ಯಾಟರಿಯ ಪ್ರಶ್ನೆಯಾಗಿತ್ತು. ಸೆರಗಿನಡಿ ಹಿಡಿದುಕೊಂಡಿದ್ದ ಆ ಸೀರೆಯ ಪೊಟ್ಟಣವನ್ನು ನೋಡಿದಾಗ ಹಾಗಲ್ಲ ಎಂದು ತಿಳಿಯಿತು. ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದೆ.

ನಿಂತದ್ದು ಖಾಲಿ ಟ್ರೇಲರಿನ ಒಂದು ಟ್ರ್ಯಾಕ್ಟರ್. ಡ್ರೈವರ್ ಪೆಟ್ರೋಲ್ ಮುಗಿದಿರಬೇಕೆಂದು ಬಾಟಲಿ ಹುಡುಕತೊಡಗಿದ. ಇದು ಕರೆಂಟಿನ ಗಾಡಿ ಎಂದೆ.

"ಹಂಗಾರ ಬಾಟ್ಲಿ ಉಪಯೋಗಿಲ್ಲ ಬಿಡ್ರಿ," ಎಂದು ಅವನು ಕೆಳಗಿಳಿದ. "ಗಾಡೀನ ಮ್ಯಾಲ ಎತ್ತೂಣ. ಅಕ್ಕಾರ, ನೀವು ಮೊದ್ಲ ಹತ್ರಿ."

ಹೀಗೆ, ಹೊಗೆಯಿಲ್ಲದ ಪ್ರಯಾಣದ ಪ್ರತಿಪಾದಕನಾದ ನಾನು, ನನ್ನ ಎಲೆಕ್ಟ್ರಿಕ್ ಸ್ಕೂಟರನ್ನು ಬೀಳದಂತೆ ತಬ್ಬಿಕೊಂಡು, ಡೀಸೆಲ್ ಹೊಗೆ ಕುಡಿಯುತ್ತ ಇಳಕಲ್ಲು ಪ್ರವೇಶಿಸಿದೆ. ಬೀಗರ ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಟ್ರ್ಯಾಕ್ಟರ್ ಮಾಡಿಕೊಂಡು ಬುತ್ತಿ ತಂದಿದ್ದಾರಲ್ಲ, ಏನು ದೊಡ್ಡ ಮಂದಿ ಎಂದು ಒಬ್ಬಾಕೆ ಹೇಳಿದ್ದು ಕೇಳಿಸಿತು. ನಾನು ತಿದ್ದುಪಡಿ ಪ್ರಕಟಿಸಲಿಲ್ಲ.

ರೂಪಾ ಬಾಗಿಲಿಗೆ ಬಂದಳು. ಹಳೆಯ ಸೀರೆಯಲ್ಲೇ ಇದ್ದಳು. ನನ್ನ ಮಸಿ ಹಿಡಿದ ಮುಖ ನೋಡಿ ಗೋಡೆ ಹಿಡಿದುಕೊಂಡು ನಕ್ಕಳು. ಅವ್ವನ ಕೈಯಿಂದ ಸೀರೆ ತೆಗೆದುಕೊಂಡು ಒಳಗೆ ಹೋದಳು. ಮುಹೂರ್ತ ಇನ್ನೂ ಉಳಿದಿತ್ತು. ಬೀಗತಿ ಮಂಚದ ಮೇಲಿದ್ದ ತಮ್ಮ ಸೀರೆಯನ್ನು ಮಡಿಸಿ ಟ್ರಂಕಿಗೆ ಹಾಕುತ್ತ, "ಇದು ಕೂಸಿನ ತೊಟ್ಟಲಕ್ಕಾತು," ಎಂದರು. ಈ ಸಲದ ನಗು ಸುವರ್ಣಾಳಿಗೂ ಹಿಡಿಸಿತು.

ಸ್ಕೂಟರನ್ನು ಜಗಲಿಯಲ್ಲಿ ಚಾರ್ಜಿಗೆ ಹಾಕಿದೆವು. ಯಾರೂ ಪಿನ್ನು ಕೀಳದಂತೆ ನೋಡಿಕೊಳ್ಳಲು ಸುವರ್ಣಾ ಒಬ್ಬ ಕಾವಲುಗಾರನನ್ನು ನೇಮಿಸಿದಳು. ಮಗಳ ಕುಬಸವನ್ನು ನಾನು ಪ್ಲಗ್ಗಿನ ಪಕ್ಕದಿಂದ, ಕಿಟಕಿಯ ಮೂಲಕ ನೋಡಿದೆ. ಊಟದ ಎಲೆಯೂ ಅಲ್ಲಿಗೇ ಬಂತು. ಹೋಳಿಗೆ ಬೇಡವೆಂದೆ.

ಸಂಜೆ ಹೊರಡುವಾಗ ಗೆರೆಯೆಲ್ಲ ಹಸಿರಾಗಿತ್ತು. ಸುವರ್ಣಾ ಕೀಲಿಗೆ ಕೈ ಚಾಚಿದಳು. ಅವಳ ಬಳಿಯೂ ಲೈಸೆನ್ಸ್ ಇತ್ತು. ಬಳಸುವ ಅವಕಾಶವನ್ನು ನಾನು ಕೊಟ್ಟಿರಲಿಲ್ಲ, ಅಷ್ಟೆ. ಯಾವ ಬಸ್ಸನ್ನೂ ಹಿಂದೆ ಹಾಕದೆ, ಒಂದೇ ಹದದಲ್ಲಿ ನಡೆಸಿದಳು. ಖಾಲಿ ಬುಟ್ಟಿ ಹಿಡಿದು ನಾನು ಹಿಂದೆ ಕೂತಿದ್ದೆ. ಹೊಲಗಳ ಮೇಲಿಂದ ತಂಗಾಳಿ ಬೀಸುತ್ತಿತ್ತು. ಎಂಜಿನ್ನಿನ ಸದ್ದಿಲ್ಲದ ದಾರಿಯಲ್ಲಿ ಹಕ್ಕಿಗಳು ಗೂಡಿಗೆ ಮರಳುವ ದನಿ ಕೂಡ ಕೇಳುತ್ತಿತ್ತು. ನವನಗರ ತಲುಪಿದಾಗಲೂ ಗೆರೆ ಕೆಂಪಾಗಿರಲಿಲ್ಲ.

ಮುಂದಿನ ವಾರ ಬೀಗರು ಫೋನು ಮಾಡಿದರು. ತಾವೂ ಎಲೆಕ್ಟ್ರಿಕ್ ಗಾಡಿ ಕೊಳ್ಳಬೇಕೆಂದಿದ್ದಾರಂತೆ, ಸ್ವಲ್ಪ ವಿಚಾರಿಸಬೇಕಂತೆ. ನಾನು ಗಂಟಲು ಸರಿಪಡಿಸಿಕೊಂಡು, ಮೊದಲಿಗೆ ಭೂಮಿಯ ಬಿಸಿಯ ವಿಷಯ ಎತ್ತಿಕೊಂಡೆ.

"ಅದಿರ್ಲಿ ಬೀಗರ," ಎಂದರು ಅವರು. "ಫೋನ್ ಸ್ವಲ್ಪ ಬೀಗತಿಯವರಿಗೆ ಕೊಡ್ರಿ. ಗಾಡಿ ನಡಸವ್ರ ಕೂಡ ಮಾತಾಡಬೇಕಾಗೈತಿ."

ಫೋನು ಸುವರ್ಣಾಳಿಗೆ ಕೊಟ್ಟು, ಸ್ಕೂಟರನ್ನು ಚಾರ್ಜಿಗೆ ಹಾಕಲು ಹೊರಗೆ ಹೋದೆ. ಸದ್ಯ ನಮ್ಮ ಮನೆಯಲ್ಲಿ ಆ ಒಂದು ಖಾತೆ ನನಗಿದೆ.