ಪಿ.ಜೆ. ಬಡಾವಣೆಯ ಸಮುದ್ರದಂಡೆ

ದಾವಣಗೆರೆಗೆ ಸಮುದ್ರವಿದೆ, ಅದೂ ಪಿ.ಜೆ. ಬಡಾವಣೆಗೆ ಅಂಟಿಕೊಂಡೇ ಇದೆ ಎಂದು ಹೇಳುವ ಮನುಷ್ಯ ಈ ಪ್ರಪಂಚದಲ್ಲಿ ಒಬ್ಬರೇ ಇದ್ದಾರೆ. ನಮ್ಮ ಪುಣ್ಯಕ್ಕೆ ಅವರು ನಮ್ಮ ದೊಡ್ಡಪ್ಪ! ಬರೀ ಸಮುದ್ರವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅಲ್ಲಿ ದಿನಾ ಮಳೆ ಹೊಡೆಯುತ್ತದಂತೆ, ಸಂಜೆಗೊಮ್ಮೆ ಭೂಮಿ ನಡುಗುತ್ತದಂತೆ. ಆಯುಷ್ಯವಿಡೀ ಬಟ್ಟೆ ಅಂಗಡಿಯಲ್ಲಿ ಕೂತ ಇವರು ನಿಜವಾದ ಸಮುದ್ರ ನೋಡಿದ್ದು ಒಂದೇ ಸಲ. ಆಗಲೂ, ನಿಂತಲ್ಲಿ ನಿಲ್ಲದ ನೀರನ್ನು ಏನು ನೋಡುವುದು ಎಂದು ಗೊಣಗಿ ಹೋದ ಬಸ್ಸಿಗೇ ವಾಪಸ್ಸು ಬಂದವರು.

ಇದಕ್ಕೆಲ್ಲ ಮೂಲ ನಮ್ಮ ದೊಡ್ಡವ್ವ. ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂದು ಹೋಯಿತು. ಹೋಗುವಾಗ ಕಿವಿಯೊಳಗೆ ಏನನ್ನೋ ಬಿಟ್ಟು ಹೋಯಿತು. ನೆಲ ವಾಲುತ್ತದೆ, ಗೋಡೆ ಬಾಗುತ್ತದೆ, ಕಿವಿಯಲ್ಲಿ ಸದಾ ಭೋರೆನ್ನುವ ನೀರಿನ ಸದ್ದು. ಕಿವಿಯ ತೂಕ ತಪ್ಪಿದೆ, ನಿಧಾನಕ್ಕೆ ಸರಿಹೋಗುತ್ತದೆ, ಆದರೆ ದಿನಾ ಎದ್ದು ಓಡಾಡಲೇಬೇಕು, ಹೆದರಿ ಕೂತರೆ ಕೂತೇಬಿಡುತ್ತಾರೆ ಎಂದರು ಡಾಕ್ಟರು. ಅವಳು ಕೂತೇಬಿಟ್ಟಳು! ಮಹಡಿಯ ಬಾಲ್ಕನಿಯಲ್ಲಿ ನಿಂತು ಇಡೀ ಬೀದಿಯ ಆಡಳಿತ ನಡೆಸುತ್ತಿದ್ದ ಹೆಂಗಸು ಅವಳು. ತಳ್ಳುಗಾಡಿಯ ಸೊಪ್ಪಿನವನಿಂದ ಹಿಡಿದು ಎದುರುಮನೆಯ ಬೀಗರವರೆಗೆ ಅವಳ ಅಪ್ಪಣೆಯಿಲ್ಲದೆ ಯಾರೂ ಆ ಬೀದಿ ದಾಟುತ್ತಿರಲಿಲ್ಲ. ಒಂದು ದಿನ ತಲೆ ತಿರುಗಿ ಕಟಾಂಜನ ಹಿಡಿದರೆ, ತುಕ್ಕು ತಿಂದ ಕಬ್ಬಿಣದ ಸರಳು ಕಿತ್ತು ಕೈಗೇ ಬಂತು. ಅಂದಿನಿಂದ ಅವಳು ಮಹಡಿಯ ಒಳಕೋಣೆಯ ಮೂಲೆ ಹಿಡಿದು ಕೂತವಳು ಹೊರಗೆ ಬಂದಿರಲಿಲ್ಲ.

ನಾವೆಲ್ಲ ಹೋಗಿ ಹೋಗಿ ಧೈರ್ಯ ಹೇಳಿದೆವು. ಏನೂ ಅಲುಗಾಡುತ್ತಿಲ್ಲ, ಎಲ್ಲ ನಿನ್ನ ಭ್ರಮೆ ಎಂದೆವು. ದೊಡ್ಡಪ್ಪ ಮಾತ್ರ ಅವಳೆದುರು ಕೂತು, ಗಿರಾಕಿಗೆ ಸೀರೆಯ ಅಂಚು ಎಂಥದ್ದು ಬೇಕೆಂದು ಕೇಳುವ ಹಾಗೆ ವಿಚಾರಿಸಿದರು. ಯಾವ ಕಡೆಗೆ ವಾಲುತ್ತದೆ? ಅಲೆ ದೊಡ್ಡದೋ ಸಣ್ಣದೋ? ಮಳೆ ಇದೆಯೋ? ಗಾಳಿ ಉಪ್ಪೋ? ಅವಳೂ ಒಂದೊಂದಕ್ಕೂ ಯೋಚಿಸಿ ಉತ್ತರ ಕೊಟ್ಟಳು. ಮರುದಿನ ದೊಡ್ಡಪ್ಪ ಗಾಜು ತರಲು ಹೊರಟರು.

ಹರಿಹರಕ್ಕೆ ಹೋಗುವ ದಾರಿಯಲ್ಲಿ, ಗುತ್ತೂರಿನ ಹತ್ತಿರ ಗಾಜು ಮತ್ತು ಸ್ಟೀಲಿನ ಕೆಲಸದ ಅಂಗಡಿಯೊಂದಿದೆ. ಕಾರು ಓಡಿಸುವ ಕರ್ಮ ನನ್ನದು. ಬಾಲ್ಕನಿಗೆ ಎದೆಮಟ್ಟದ ಗಾಜಿನ ಕಟಾಂಜನ, ಎರಡೂ ಪಕ್ಕಕ್ಕೆ ಆಳೆತ್ತರದ ಗಾಜಿನ ಮರೆ ಬೇಕು ಎಂದರು. ಯಾವ ಥರದ ಜಾಗ ಎಂದು ಅಂಗಡಿಯವರು ಕೇಳಿದರು. ಸಮುದ್ರದ ದಂಡೆ, ದಿನಾ ಮಳೆ, ಆಗಾಗ ಭೂಕಂಪ ಎಂದರು ದೊಡ್ಡಪ್ಪ. ಅಂಗಡಿಯವರಿಗೆ ಖುಷಿಯಾಯಿತು. ಇರುವುದರಲ್ಲೇ ದುಬಾರಿ ಮಾಲನ್ನೆಲ್ಲ ಹೊರಗೆ ತೆಗೆಸಿದರು. ಉಪ್ಪುಗಾಳಿಗೆ ತುಕ್ಕು ಹಿಡಿಯದ ಸ್ಟೀಲು, ನೆಲ ನಡುಗಿದರೆ ಗಾಜಿಗೆ ಅಲುಗಲು ಜಾಗ ಕೊಡುವ ರಬ್ಬರು, ಮಳೆನೀರು ಹರಿದುಹೋಗಲು ಕೆಳಗೊಂದು ಸಂದು.

“ಕೆಲ್ಸದೋರನ್ನ ಕಳ್ಸಬೇಕಾಗ್ತೈತೆ. ಯಾವೂರ್ರಿ ಅದು?” ಎಂದರು ಕೊನೆಗೆ.

“ಪಿ.ಜೆ. ಬಡಾವಣೆ” ಎಂದರು ದೊಡ್ಡಪ್ಪ.

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಹೊರಗೆ ಹೋಗುವ ಲಾರಿಗಳನ್ನು ನೋಡಿದೆ. ಇನ್ನೇನು ಮಾಡಲಿ, ಹೇಳಿ?

ಆಮೇಲೆ ಮಾದರಿ ಗಾಜಿನ ಪ್ರಕರಣ. ಟಫನ್ಡ್ ಗಾಜು ಎಂದರೆ ಗುದ್ದಿದರೂ ಒಡೆಯುವುದಿಲ್ಲವೆಂದು ಹೇಳಿ ಅಂಗಡಿಯವರು ಒಂದು ಹಲಗೆ ಕೊಟ್ಟು ಕಳಿಸಿದ್ದರು. ದೊಡ್ಡಪ್ಪ ಅದನ್ನು ಮಹಡಿಯ ಹಾಲಿನ ಗೋಡೆಗೆ ಆನಿಸಿಟ್ಟು ದಿನಾ ಕಿವಿಗೊಟ್ಟು ಕೇಳುತ್ತಿದ್ದರು. ಏನು ಹೇಳುತ್ತದೆ ಎಂದರೆ, ಇನ್ನೂ ಏನೂ ಹೇಳಿಲ್ಲ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆವು. ಫ್ಯಾನಿಲ್ಲ, ಗಾಳಿಯಿಲ್ಲ, ಗಾಜಿನ ಹತ್ತಿರ ನರಪಿಳ್ಳೆಯಿಲ್ಲ. ಢಬ್ಬೆಂದು ಸದ್ದಾಯಿತು. ನೋಡನೋಡುತ್ತ ಆ ಗಾಜು ತಾನಾಗಿಯೇ ಕಲ್ಲುಸಕ್ಕರೆಯ ರಾಶಿಯಾಗಿ ನೆಲಕ್ಕೆ ಸುರಿಯಿತು. ಕಡೆಯ ಹರಳು ಉರುಳಿ ನಿಂತ ಮೇಲೆ ಒಳಕೋಣೆಯಿಂದ ದೊಡ್ಡವ್ವನ ತಣ್ಣನೆಯ ದನಿ ಬಂತು: “ಬಂತೇನ್ರಿ?”

“ಬಂದು ಹೋತು” ಎಂದರು ದೊಡ್ಡಪ್ಪ, ಯಾರೋ ಪರಿಚಯದವರ ವಿಷಯ ಹೇಳುವಂತೆ.

ನಾನು ಅಂಗಡಿಗೆ ಫೋನು ಮಾಡಿದೆ. ಒಳಗೊಂದು ಕಸ ಸೇರಿದ್ದರೆ ಅಂಥ ಗಾಜು ಅಪರೂಪಕ್ಕೆ ಹೀಗೆ ಸಿಡಿಯುವುದುಂಟು ಎಂದು ಅಂಗಡಿಯವರು ಫೋನಿನಲ್ಲಿ ಸಮಾಧಾನ ಹೇಳಿದರು. ಫೋನಿನಲ್ಲಿ ಹೇಳುವುದು ಸುಲಭ, ಆ ಮನೆಯಲ್ಲಿ ಕೂತಿದ್ದರೆ ಗೊತ್ತಾಗುತ್ತಿತ್ತು! ದೊಡ್ಡಪ್ಪ ಮಾತ್ರ ಶಾಂತವಾಗಿ, ಎರಡು ಗಾಜಿನ ನಡುವೆ ಹಾಳೆ ಇಟ್ಟು ಅಂಟಿಸಿದ, ಒಡೆದರೂ ಜಾಗ ಬಿಡದ ಲ್ಯಾಮಿನೇಟೆಡ್ ಗಾಜೇ ಇರಲಿ ಎಂದರು. ಅದರ ಮೇಲೆ ಹಿಡಿದುಕೊಳ್ಳಲು ದಪ್ಪನೆಯ ಪೈಪು ಬೇಕೇ ಬೇಕು, ಗಾಜು ಹೋದರೂ ಕೈಗೆ ಏನಾದರೂ ಉಳಿಯಬೇಕು ಎಂದರು.

ಗಾಜು ಕೂರಿಸಿದ ಮೇಲೆ ಹೊಸ ಪೀಕಲಾಟ. ಪಕ್ಕದ ಮರೆ ಎಷ್ಟು ನಿರ್ಮಲವಾಗಿತ್ತೆಂದರೆ ನೋಡಲು ಬಂದವರೆಲ್ಲ ಹೋಗಿ ಡಿಕ್ಕಿ ಹೊಡೆದರು. ಕಾಣಲೆಂದು ಗುರುತು ಹಾಕಬೇಕಾಯಿತು. ಬೇರೆಯವರಾಗಿದ್ದರೆ ಬಣ್ಣದ ಪಟ್ಟಿ ಅಂಟಿಸುತ್ತಿದ್ದರು. ನಮ್ಮ ದೊಡ್ಡಪ್ಪ ವಿಭೂತಿ ಗಟ್ಟಿ ತೇದು, ಪ್ರತಿ ಗಾಜಿಗೂ ಹಣೆಯ ಮಟ್ಟಕ್ಕೆ ಮೂರು ಬೆರಳು ಎಳೆದರು. ಪರಿಣಾಮ? ಮೊದಲು ಡಿಕ್ಕಿ ಹೊಡೆದು ಬರೀ ಹಣೆಯಲ್ಲಿ ಬರುತ್ತಿದ್ದವರು ಈಗ ವಿಭೂತಿ ಧರಿಸಿಕೊಂಡು ಬರತೊಡಗಿದರು! ಪಕ್ಕದ ಮನೆಯ ಅಜ್ಜಿಯೊಬ್ಬರು ಗಾಜಿಗೆ ಕೈಮುಗಿದು, ಊದಿನಕಡ್ಡಿ ಎಲ್ಲಿ ಹಚ್ಚುವುದೆಂದು ಕೇಳಿದರು.

ಆದರೆ ಸಂಜೆ ಆ ಗಾಜಿನೆದುರು ನಿಲ್ಲಲು ನನಗೆ ಆಗುತ್ತಿರಲಿಲ್ಲ. ದೀಪ ಹಾಕಿದರೆ ಒಬ್ಬೊಬ್ಬರೂ ಇಬ್ಬಿಬ್ಬರಾಗಿ ಕಾಣುತ್ತಿದ್ದೆವು, ಒಬ್ಬರ ಹಿಂದೆ ಅವರದೇ ಮಸುಕಾದ ಇನ್ನೊಬ್ಬರು. ಎರಡು ಪದರದ ಗಾಜು, ಎರಡು ಬಿಂಬ, ಅಷ್ಟೇ. ಅಷ್ಟೇ ಎಂದು ಹೇಳಿಕೊಂಡೇ ನಾನು ಬೆನ್ನು ತಿರುಗಿಸಿ ಕೂರುತ್ತಿದ್ದೆ.

ಅಂಥದೇ ಒಂದು ಸಂಜೆ ದೊಡ್ಡವ್ವ ಹೊಸಿಲು ದಾಟಿದಳು. ಗೋಡೆ ತಡವುತ್ತ ಬಂದು, ಗಾಜನ್ನು ಬೆರಳಿಂದ ಮುಟ್ಟಿ, ಪೈಪು ಹಿಡಿದಳು. “ಬಂತು” ಎಂದಳು. ಕೂಡಲೇ ದೊಡ್ಡಪ್ಪನೂ ಪೈಪು ಹಿಡಿದು, ಕಾಲಗಲಿಸಿ, ಅವಳ ಜೊತೆಗೇ ಅತ್ತಿತ್ತ ತೂಗತೊಡಗಿದರು. ಬೀದಿಯಲ್ಲಿ ಆಟೋಗಳು ತಮ್ಮ ಪಾಡಿಗೆ ಹೋಗುತ್ತಿದ್ದವು. ಇಲ್ಲಿ ಇಬ್ಬರು ಮುದುಕರು ಮಾತಿಲ್ಲದೆ ತೂಗುತ್ತಿದ್ದರು. ಗಾಜಿನಲ್ಲಿ ನಾಲ್ವರು ತೂಗುತ್ತಿದ್ದರು. ನನ್ನ ಕಾಲ ಕೆಳಗಿನ ನೆಲವೂ ಮೆಲ್ಲಗೆ ಜರುಗಿದಂತಾಯಿತು. ಓಡಿಹೋಗಬೇಕೆನಿಸಿತು ನನಗೆ.

ಅದು ನಿಂತ ಮೇಲೆ ದೊಡ್ಡಪ್ಪನನ್ನು ಒಳಗೆಳೆದುಕೊಂಡು ಹೋಗಿ ಚೆನ್ನಾಗಿ ಬೈದೆ. ಅವಳಿಗಂತೂ ಕಾಯಿಲೆ, ನಿಮಗೇನಾಗಿದೆ? ಇಲ್ಲದ ಭೂಕಂಪವನ್ನು ಇದೆ ಇದೆ ಎಂದು ಹೇಳಿ ಅವಳ ಹುಚ್ಚನ್ನೂ ಹೆಚ್ಚಿಸುತ್ತಿದ್ದೀರಲ್ಲ, ಎಂದೆ. ದೊಡ್ಡಪ್ಪ ಬಾಲ್ಕನಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಮನಿ ಅಲುಗಾಡಲ್ಲ ಅಂತ ನನಗೆ ಗೊತ್ತಿಲ್ಲೇನೆ? ನೀವೆಲ್ಲ ಬಂದು ಏನೂ ಇಲ್ಲ, ಏನೂ ಇಲ್ಲ ಅಂತ ಹೇಳಿ ಹೋಗ್ತೀರಿ. ಅವಳಿಗೆ ಐತೆ. ಆ ಊರಾಗೆ ಅವಳು ಒಬ್ಬಳೇ ಇದ್ಲು, ಹೆದ್ರಿಕೊಂಡು. ಅದಕ್ಕ ನಾನೂ ಅಲ್ಲೇ ಹೋಗಿ ಇದ್ದೀನಿ.”



ಹೊರಗೆ ಹೋದೆ. ದೊಡ್ಡವ್ವ ಇನ್ನೂ ಅಲ್ಲೇ, ಪೈಪು ಹಿಡಿದು, ಕತ್ತಲಾಗುತ್ತಿದ್ದ ಬೀದಿಯನ್ನು ನೋಡುತ್ತ ನಿಂತಿದ್ದಳು. ನಾನೂ ಪಕ್ಕಕ್ಕೆ ನಿಂತು ಪೈಪು ಹಿಡಿದೆ. ಸ್ವಲ್ಪ ಹೊತ್ತಿಗೆ ಅವಳ ಬೆರಳುಗಳು ಬಿಗಿಯಾದವು.

“ನಿನಗೂ ಗೊತ್ತಾಗ್ತೈತೇನೆ?” ಎಂದಳು.

“ಹ್ಞೂಂ ದೊಡ್ಡವ್ವ, ಜೋರಾಗೈತೆ” ಎಂದೆ.

ಅವಳು ಒಂದು ಕೈಯನ್ನು ಪೈಪಿನಿಂದ ಬಿಡಿಸಿ, ನನ್ನ ಕೈಯ ಮೇಲಿಟ್ಟು ಒತ್ತಿ ಹಿಡಿದಳು.

“ಹೆದರಬ್ಯಾಡ” ಎಂದಳು, “ನಾನಿದ್ದೀನಿ.”